ಮೀಟರ್ ಸರಿ ಇತ್ತು, ಮಾತು ಮುಟ್ಟಲಿಲ್ಲ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು 1980ರಲ್ಲಿ ಇಲ್ಲಿಂದ ಎಸ್ಸೆಸ್ಸೆಲ್ಸಿ ಮುಗಿಸಿದವನು. ಆಗ ಈ ಶಾಲೆಗೆ ಇದ್ದದ್ದು ನಾಲ್ಕು ಕೋಣೆ, ಒಂದು ಬಾವಿ, ಬಾವಿಗೊಂದು ಹಗ್ಗ. ಆ ಹಗ್ಗದ ವಿಷಯ ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ. ಆಮೇಲೆ ಐ.ಟಿ.ಐ. ಮಾಡಿ, ಸರ್ಕಾರದ ಒಂದು ಇಲಾಖೆಯ ವೈರ್‌ಲೆಸ್ ವಿಭಾಗಕ್ಕೆ ಸೇರಿ, ಬೆಟ್ಟ ಗುಡ್ಡಗಳ ಮೇಲೆ ಕಂಬ ಹತ್ತುತ್ತಾ ಇಳಿಯುತ್ತಾ ನಿವೃತ್ತನಾದೆ. ದೊಡ್ಡ ಅಧಿಕಾರಿಯೂ ಅಲ್ಲ, ವಿಜ್ಞಾನಿಯೂ ಅಲ್ಲ. ಕೈಯಲ್ಲಿ ಸ್ಪ್ಯಾನರ್ ಹಿಡಿದ ಮನುಷ್ಯ. "ನಿಮ್ಮ ಕೆಲಸದ ಬಗ್ಗೆ ಮಕ್ಕಳಿಗೆ ಅರ್ಥವಾಗುವ ಹಾಗೆ ಇಪ್ಪತ್ತು ನಿಮಿಷ ಮಾತಾಡಿ" ಎಂದು ಮುಖ್ಯೋಪಾಧ್ಯಾಯರು ಹೇಳಿದಾಗ, ಮಾಡಿದ ಒಳ್ಳೆಯ ಕೆಲಸಗಳನ್ನು ಹೇಳಿಕೊಳ್ಳೋಣ ಅನ್ನಿಸಿತು. ಯೋಚನೆ ಮಾಡಿದಾಗ, ನಾನು ಮಾಡಿದ ಒಂದು ತಪ್ಪನ್ನು ಹೇಳುವುದೇ ಹೆಚ್ಚು ಉಪಯೋಗ ಅನ್ನಿಸಿತು. ಅದನ್ನೇ ಹೇಳುತ್ತೇನೆ. ಅದು ಅರ್ಥವಾಗಬೇಕಾದರೆ ಮೂರು ಮಾತುಗಳ ವ್ಯತ್ಯಾಸ ಗೊತ್ತಾಗಬೇಕು. ಆಂಟೆನಾದ ಗೇನ್, ಎಸ್.ಡಬ್ಲ್ಯೂ.ಆರ್., ಮತ್ತು ಕೇಬಲ್ಲಿನ ನಷ್ಟ.

ಹೆಸರು ಕೇಳಿ ಹೆದರಬೇಡಿ. ಇಲ್ಲಿ ನಲವತ್ತು ದಾಟಿದವರೆಲ್ಲ ಆಂಟೆನಾ ಕೆಲಸ ಮಾಡಿದವರೇ. 1987ರಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ರಾಮಾಯಣ ಬರುತ್ತಿದ್ದ ಕಾಲ. ನಮ್ಮೂರಲ್ಲಿ ಟಿ.ವಿ. ಇದ್ದದ್ದು ಒಂದೇ ಮನೆಯಲ್ಲಿ. ಐ.ಟಿ.ಐ. ಓದಿದವನು ಅನ್ನುವ ಕಾರಣಕ್ಕೆ ಹಂಚಿನ ಮೇಲೆ ಹತ್ತುವ ಕೆಲಸ ನನ್ನದು. ನಾನು ಮೇಲಿನಿಂದ "ಬಂತಾ?" ಅನ್ನುವುದು, ಅಂಗಳದಲ್ಲಿ ನಿಂತವರು ಒಳಗೆ ಕೇಳುವುದು, ಒಳಗಿನವರು "ಇಲ್ಲ, ಇನ್ನೂ ಸ್ವಲ್ಪ ಗುಡ್ಡದ ಕಡೆ" ಅನ್ನುವುದು. ಸರಿಯಾದ ಜಾಗ ಸಿಕ್ಕಾಗ ಒಳಗಿಂದ "ಬಂತು ಬಂತು, ಕೈ ಬಿಡು" ಎಂದು ಕೂಗು. ಕೈ ಬಿಟ್ಟರೆ ಮತ್ತೆ ಹೋಗುತ್ತಿತ್ತು. ಎಷ್ಟೋ ಭಾನುವಾರ ನಾನು ರಾಮಾಯಣ ನೋಡಲಿಲ್ಲ, ಕೇಳಿದೆ ಅಷ್ಟೆ.

ಆ ತಿರುಗಿಸುವುದೇ ಮೊದಲನೆಯ ಪಾಠ.

ಹೊಲದ ಆಚೆ ಬದಿಯಲ್ಲಿ ಇರುವವರನ್ನು ಕರೆಯುವಾಗ ನಾವು ಎರಡೂ ಅಂಗೈ ಬಾಯಿಯ ಸುತ್ತ ಹಿಡಿದು ಕೂಗುತ್ತೇವೆ. ಗಂಟಲಿನ ಶಕ್ತಿ ಅಷ್ಟೇ. ಆದರೆ ಅಕ್ಕಪಕ್ಕ ಹರಡಿ ಹೋಗುವ ಸದ್ದು ಒಂದೇ ಕಡೆಗೆ ಸೇರಿ ಹೋಗುತ್ತದೆ. ಆಚೆಯವನು ಕಿವಿಯ ಹಿಂದೆ ಕೈ ಇಟ್ಟುಕೊಂಡರೆ ಅವನಿಗೂ ಹೆಚ್ಚು ಕೇಳಿಸುತ್ತದೆ. ಇದೇ ಗೇನ್. ಆಂಟೆನಾ ಹೊಸದಾಗಿ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಒಂದು ದಿಕ್ಕಿಗೆ ಹೆಚ್ಚು ಕೊಟ್ಟರೆ, ಅದು ಬೇರೆ ದಿಕ್ಕುಗಳಿಂದ ಕಿತ್ತುಕೊಂಡದ್ದು. ಕಳುಹಿಸುವಾಗಲೂ ಅಷ್ಟೇ, ಕೇಳುವಾಗಲೂ ಅಷ್ಟೇ.

ಹಂಚಿನ ಮೇಲೆ ನಾವು ಹಿಡಿದು ತಿರುಗಿಸುತ್ತಿದ್ದ, ಮೀನಿನ ಮುಳ್ಳಿನಂತೆ ಕಾಣುವ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾಕ್ಕೆ ಯಾಗಿ-ಉದಾ ಎಂದು ಹೆಸರು. ಜಪಾನಿನ ತೊಹೊಕು ವಿಶ್ವವಿದ್ಯಾಲಯದಲ್ಲಿ 1926ರ ಹೊತ್ತಿಗೆ ಶಿಂತಾರೊ ಉದಾ ಮತ್ತು ಹಿದೆತ್ಸುಗು ಯಾಗಿ ಎಂಬ ಇಬ್ಬರು ಇದನ್ನು ರೂಪಿಸಿದರು. ಇದರಲ್ಲಿ ತಂತಿ ಜೋಡಿಸಿರುವುದು ಒಂದೇ ಕಡ್ಡಿಗೆ. ಹಿಂದಿನ ಉದ್ದ ಕಡ್ಡಿ ಅಲೆಯನ್ನು ಮುಂದಕ್ಕೆ ತಳ್ಳುತ್ತದೆ, ಮುಂದಿನ ಗಿಡ್ಡ ಕಡ್ಡಿಗಳು ಅದನ್ನು ಎಳೆದುಕೊಂಡು ಹೋಗುತ್ತವೆ. ನಮ್ಮ ಎರಡು ಅಂಗೈಗಳ ಕೆಲಸವನ್ನು ಆ ಕಡ್ಡಿಗಳು ಮಾಡುತ್ತವೆ.

ಗೇನನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ಮಕ್ಕಳೇ, ಲಾಗರಿದಮ್ ಈಗ ಬೇಡ. ಮೂರು ಲೆಕ್ಕ ಸಾಕು. 3 ಡೆಸಿಬೆಲ್ ಅಂದರೆ ಎರಡು ಪಟ್ಟು. 6 ಅಂದರೆ ನಾಲ್ಕು ಪಟ್ಟು. 10 ಅಂದರೆ ಹತ್ತು ಪಟ್ಟು. ನಷ್ಟವಾದರೂ ಇದೇ ಲೆಕ್ಕ, ಉಲ್ಟಾ. 3 ಡೆಸಿಬೆಲ್ ನಷ್ಟ ಅಂದರೆ ಅರ್ಧ ಉಳಿಯಿತು, 6 ಅಂದರೆ ಕಾಲು ಭಾಗ, 10 ಅಂದರೆ ಹತ್ತರಲ್ಲಿ ಒಂದು.

ಅಂಗಡಿಗೆ ಹೋಗುವವರಿಗೆ ಒಂದು ಎಚ್ಚರಿಕೆ. ಗೇನ್ ಎಷ್ಟು ಅಂದರೆ ಸಾಲದು, ಯಾವುದಕ್ಕೆ ಹೋಲಿಸಿ ಎಷ್ಟು ಎಂದು ಕೇಳಬೇಕು. ಎಲ್ಲ ದಿಕ್ಕಿಗೂ ಸಮವಾಗಿ ಹಂಚುವ ಒಂದು ಕಾಲ್ಪನಿಕ ಆಂಟೆನಾಕ್ಕೆ ಹೋಲಿಸಿದರೆ ಡಿಬಿಐ ಎಂದು ಬರೆಯುತ್ತಾರೆ. ಎರಡು ಕಡ್ಡಿಯ ಸಾಮಾನ್ಯ ಡೈಪೋಲ್‌ಗೆ ಹೋಲಿಸಿದರೆ ಡಿಬಿಡಿ. ಎರಡಕ್ಕೂ ನಡುವೆ 2.15ರ ಅಂತರ ಇದೆ. ಪೆಟ್ಟಿಗೆಯ ಮೇಲೆ 8 ಡಿಬಿಐ ಎಂದಿದ್ದರೆ, ಡೈಪೋಲ್‌ಗಿಂತ ಅದು ಸುಮಾರು 6 ಡೆಸಿಬೆಲ್ ಮಾತ್ರ ಹೆಚ್ಚು. ಸಾಮಾನು ಒಂದೇ, ದೊಡ್ಡ ಸಂಖ್ಯೆ ಚೆನ್ನಾಗಿ ಕಾಣುತ್ತದೆ.

ಈಗ ಎರಡನೆಯ ಮಾತು. ಇದಕ್ಕೆ ಬಾವಿ ಹಗ್ಗ ಬೇಕು.

ಒಂಬತ್ತನೆಯ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಅಲೆಗಳ ಪಾಠ ಮಾಡುವ ದಿನ ಬಾವಿಯ ಹಗ್ಗ ಬಿಚ್ಚಿಸಿ ತಂದರು. ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿದರು. ಇನ್ನೊಂದು ತುದಿ ನನ್ನ ಕೈಗೆ ಕೊಟ್ಟು, "ಒಂದು ಸಲ ಜಾಡಿಸು" ಎಂದರು. ಹಗ್ಗದಲ್ಲಿ ಒಂದು ಉಬ್ಬು ಎದ್ದು ಕಿಟಕಿಯವರೆಗೆ ಓಡಿತು, ಸರಳಿಗೆ ಬಡಿದು ನನ್ನ ಕೈಗೇ ವಾಪಸ್ ಬಂತು. "ನಿಲ್ಲಿಸದೆ ಜಾಡಿಸು" ಎಂದರು. ಹೋಗುವ ಉಬ್ಬು, ಬರುವ ಉಬ್ಬು ಒಂದಕ್ಕೊಂದು ಸೇರಿ, ಹಗ್ಗದ ಕೆಲವು ಜಾಗ ಜೋರಾಗಿ ಕುಣಿಯತೊಡಗಿತು, ಕೆಲವು ಜಾಗ ಅಲುಗದೆ ನಿಂತುಬಿಟ್ಟಿತು. "ಇದು ನಿಂತ ಅಲೆ. ಓಡುತ್ತಿದೆ, ಆದರೂ ನಿಂತಂತೆ ಕಾಣುತ್ತದೆ" ಎಂದರು.

ಆಮೇಲೆ ಸರಳಿಗೆ ಕಟ್ಟಿದ್ದನ್ನು ಬಿಚ್ಚಿಸಿ, ಹಗ್ಗವನ್ನು ಹೊರಗೆ ತೆಗೆದುಕೊಂಡು ಹೋಗಿ, ಕೊನೆಯ ಎರಡು ಮಾರನ್ನು ಮರಳ ರಾಶಿಯ ಮೇಲೆ ಸಡಿಲವಾಗಿ ಹರಡಿಸಿದರು. ಮತ್ತೆ ಜಾಡಿಸಿದೆ. ಉಬ್ಬು ಓಡಿ ಹೋಗಿ ಮರಳಿನಲ್ಲಿ ಕರಗಿತು. ವಾಪಸ್ ಬರಲಿಲ್ಲ. "ಕೊಟ್ಟದ್ದನ್ನೆಲ್ಲ ತೆಗೆದುಕೊಳ್ಳುವವನು ತುದಿಯಲ್ಲಿ ಇದ್ದರೆ ಏನೂ ತಿರುಗಿ ಬರುವುದಿಲ್ಲ" ಎಂದರು. ಆ ದಿನ ಮಧ್ಯಾಹ್ನ ಹಗ್ಗವಿಲ್ಲದೆ ನಮಗೆ ಕುಡಿಯುವ ನೀರು ತಡವಾಯಿತು, ಅದು ಬೇರೆ ಮಾತು.

ವೈರ್‌ಲೆಸ್ ಸೆಟ್ಟಿನಿಂದ ಆಂಟೆನಾಕ್ಕೆ ಹೋಗುವ ಕೇಬಲ್ಲಿನಲ್ಲೂ ಇದೇ ಆಟ. ಆಂಟೆನಾ ಕೇಬಲ್ಲಿಗೆ ಸರಿಯಾಗಿ ಹೊಂದಿಕೊಂಡರೆ ಬಂದ ಶಕ್ತಿಯನ್ನೆಲ್ಲ ತೆಗೆದುಕೊಳ್ಳುತ್ತದೆ. ಹೊಂದದಿದ್ದರೆ ಒಂದಿಷ್ಟು ವಾಪಸ್ ಬರುತ್ತದೆ, ಕೇಬಲ್ಲಿನಲ್ಲಿ ನಿಂತ ಅಲೆ ಏಳುತ್ತದೆ. ವೋಲ್ಟೇಜ್ ಅತಿ ಹೆಚ್ಚಿರುವ ಜಾಗದ ಅಳತೆಯನ್ನು ಅತಿ ಕಡಿಮೆ ಇರುವ ಜಾಗದ ಅಳತೆಯಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಎಸ್.ಡಬ್ಲ್ಯೂ.ಆರ್. ಅದು 1 ಇದ್ದರೆ ಏನೂ ವಾಪಸ್ ಬರುತ್ತಿಲ್ಲ. ಎಷ್ಟು ವಾಪಸ್ ಬರುತ್ತದೆ ಎಂಬ ಲೆಕ್ಕ ಮಕ್ಕಳೇ ಮಾಡಬಹುದು. ಆ ಸಂಖ್ಯೆಯಿಂದ ಒಂದನ್ನು ಕಳೆಯಿರಿ, ಅದೇ ಸಂಖ್ಯೆಗೆ ಒಂದನ್ನು ಕೂಡಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. 2ಕ್ಕೆ ಮಾಡಿ ನೋಡಿ. ಮೂರರಲ್ಲಿ ಒಂದು, ಅದರ ವರ್ಗ ಒಂಬತ್ತರಲ್ಲಿ ಒಂದು. ಅಂದರೆ ನೂರಕ್ಕೆ 11. ಹಾಗೆಯೇ 1.5ಕ್ಕೆ ನೂರಕ್ಕೆ 4, 3ಕ್ಕೆ ನೂರಕ್ಕೆ 25.

ವಾಪಸ್ ಬಂದದ್ದರಿಂದ ಎರಡು ತೊಂದರೆ. ಒಂದು, ಅದು ಸೆಟ್ಟಿನ ಕೊನೆಯ ಹಂತದ ಟ್ರಾನ್ಸಿಸ್ಟರಿಗೆ ಕಷ್ಟ ಕೊಡುತ್ತದೆ. ಅದಕ್ಕೇ ಈಗಿನ ಸೆಟ್ಟುಗಳು ಎಸ್.ಡಬ್ಲ್ಯೂ.ಆರ್. ಏರಿದರೆ ತಮ್ಮ ಶಕ್ತಿಯನ್ನು ತಾವೇ ಇಳಿಸಿಕೊಳ್ಳುತ್ತವೆ. ಎರಡು, ಹೋಗುವಾಗ ಬರುವಾಗ ಎರಡೂ ಸಲ ಕೇಬಲ್ ತನ್ನ ಸುಂಕ ವಸೂಲು ಮಾಡುತ್ತದೆ. ಆದರೆ ಗಮನಿಸಿ. ಆಂಟೆನಾ ಎಷ್ಟು ದೂರ ಕಳುಹಿಸುತ್ತದೆ ಎನ್ನುವುದಕ್ಕೂ ಈ ಸಂಖ್ಯೆಗೂ ಸಂಬಂಧವಿಲ್ಲ. ನಮ್ಮಲ್ಲಿ ಸೆಟ್ ಪರೀಕ್ಷೆ ಮಾಡಲು ಡಮ್ಮಿ ಲೋಡ್ ಎಂಬ ಒಂದು ವಸ್ತು ಇರುತ್ತದೆ. ಒಂದು ರೆಸಿಸ್ಟರ್, ಅಷ್ಟೆ. ಅದರ ಎಸ್.ಡಬ್ಲ್ಯೂ.ಆರ್. ಹೆಚ್ಚುಕಡಿಮೆ 1. ಮೀಟರಿನ ಪ್ರಕಾರ ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಅದು ಬಂದ ಶಕ್ತಿಯನ್ನೆಲ್ಲ ಬಿಸಿ ಮಾಡಿಕೊಳ್ಳುತ್ತದೆ, ಮಾತನ್ನು ಪಕ್ಕದ ಕೇರಿಗೂ ಮುಟ್ಟಿಸುವುದಿಲ್ಲ. ಮೇಷ್ಟ್ರ ಮರಳ ರಾಶಿ ಅದು.

ಮೂರನೆಯದು ಕೇಬಲ್ಲಿನ ನಷ್ಟ. ಇದು ನಮ್ಮ ತೋಟದವರಿಗೆ ಹೇಳಿಕೊಡಬೇಕಾಗಿಲ್ಲ. ಹಿಂದೆ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಗುಡ್ಡದ ನೀರನ್ನು ಮನೆಗೆ ತರುತ್ತಿದ್ದೆವು. ಮೇಲೆ ಒಂದು ಕೊಡ ಬಿಟ್ಟರೆ ಕೆಳಗೆ ಒಂದು ಕೊಡ ಬರುವುದಿಲ್ಲ. ಸಂದಿಯಲ್ಲಿ ಸೋರಿದ್ದು, ಬಿಸಿಲಿಗೆ ಆರಿದ್ದು ಕಳೆದು ಉಳಿದದ್ದು ಬರುತ್ತದೆ. ಕೇಬಲ್ಲಿನಲ್ಲೂ ಪ್ರತಿ ಮೀಟರಿಗೂ ಒಂದಿಷ್ಟು ಶಕ್ತಿ ಬಿಸಿಯಾಗಿ ಹೋಗುತ್ತದೆ. ಕೇಬಲ್ ತೆಳುವಾದಷ್ಟೂ ಹೆಚ್ಚು, ಉದ್ದವಾದಷ್ಟೂ ಹೆಚ್ಚು, ಅಲೆಯ ಆವರ್ತನ ಏರಿದಷ್ಟೂ ಹೆಚ್ಚು. 145 ಮೆಗಾಹರ್ಟ್ಸ್ ಹತ್ತಿರ, ಆರ್.ಜಿ. 58 ಎಂಬ ತೆಳು ಕೇಬಲ್ಲಿನಲ್ಲಿ 30 ಮೀಟರಿಗೆ ಸುಮಾರು 6 ಡೆಸಿಬೆಲ್ ಹೋಗುತ್ತದೆ. ಅದೇ 30 ಮೀಟರಿಗೆ ಆರ್.ಜಿ. 213 ಎಂಬ ದಪ್ಪ ಕೇಬಲ್ ಹಾಕಿದರೆ 3ಕ್ಕಿಂತ ಸ್ವಲ್ಪ ಕಡಿಮೆ.

ನಿಮ್ಮ ಮನೆಯ ಡಿಶ್ ನೋಡಿ. ತಟ್ಟೆಯ ಮುಂದೆ ಒಂದು ಚಿಕ್ಕ ಡಬ್ಬಿ ಇರುತ್ತದಲ್ಲ, ಅದೇಕೆ ಬಿಸಿಲು ಮಳೆಯಲ್ಲಿ ಅಲ್ಲೇ ಕುಳಿತಿದೆ? ತಟ್ಟೆ ಗೇನ್ ಕೊಡುತ್ತದೆ, ಎರಡು ಅಡಿ ಅಗಲದ ತಟ್ಟೆಗೆ ಸುಮಾರು ಮೂರು ಸಾವಿರ ಪಟ್ಟು. ಆದರೆ ಉಪಗ್ರಹದಿಂದ ಬರುವ ಅಲೆಯ ಆವರ್ತನ 10 ಗಿಗಾಹರ್ಟ್ಸ್‌ಗಿಂತ ಮೇಲೆ. ಹಾಗೇ ಕೇಬಲ್ಲಿಗೆ ಬಿಟ್ಟರೆ ಟಿ.ವಿ. ಮುಟ್ಟುವ ಮೊದಲೇ ಬಹುಪಾಲು ತಿಂದುಹೋಗುತ್ತದೆ. ಅದಕ್ಕೆ ಆ ಡಬ್ಬಿ ಅಲ್ಲೇ ಅದನ್ನು ಬಲಪಡಿಸಿ, ಆವರ್ತನವನ್ನು ಇಳಿಸಿ, ಆಮೇಲೆ ಕೇಬಲ್ಲಿಗೆ ಬಿಡುತ್ತದೆ. ನಷ್ಟ ಆಗುವ ಮೊದಲು ಬಲ ಕೊಡಬೇಕು, ಆದ ಮೇಲೆ ಅಲ್ಲ. ಹಿಂದೆ ಟಿ.ವಿ.ಯ ಪಕ್ಕದಲ್ಲಿ ಬೂಸ್ಟರ್ ಇಟ್ಟುಕೊಂಡು, "ಬೂಸ್ಟರ್ ಹಾಕಿದ್ರೂ ಹಿಮ ಬೀಳೋದು ನಿಲ್ಲಲಿಲ್ಲ" ಎಂದು ಬೈದುಕೊಂಡವರು ಇಲ್ಲಿ ಇದ್ದೀರಿ. ಹಿಮ ಸಮೇತ ಬಂದದ್ದನ್ನು ಅದು ಹಿಮ ಸಮೇತ ದೊಡ್ಡದು ಮಾಡುತ್ತಿತ್ತು. ಬೂಸ್ಟರ್ ಇರಬೇಕಾದ್ದು ಆಂಟೆನಾದ ಬುಡದಲ್ಲಿ.

ಈಗ ನನ್ನ ತಪ್ಪಿಗೆ ಬರುತ್ತೇನೆ.

1990ರ ದಶಕದ ಮಧ್ಯದ ಒಂದು ಮಳೆಗಾಲ. ಘಟ್ಟದ ಮೇಲಿನ ಒಂದು ಕಾವಲು ಠಾಣೆ. ರಸ್ತೆಯಿಂದ ಒಂಬತ್ತು ಕಿಲೋಮೀಟರ್ ಕಾಲುದಾರಿ, ಫೋನ್ ಇಲ್ಲ, ಕರೆಂಟ್ ಇಲ್ಲ. ಬ್ಯಾಟರಿಯ ಮೇಲೆ ನಡೆಯುವ 25 ವಾಟಿನ ಒಂದು ಸೆಟ್, ಕಂಬದ ಮೇಲೆ ಒಂದು ಯಾಗಿ, ನಡುವೆ 30 ಮೀಟರ್ ತೆಳು ಕೇಬಲ್. ಎಲ್ಲ ನಾನೇ ಕಟ್ಟಿದ್ದು. ಏಪ್ರಿಲ್‌ನಲ್ಲಿ ಸೆಟ್ಟಿನ ಬಳಿ ಮೀಟರ್ ಇಟ್ಟು ನೋಡಿದಾಗ ಎಸ್.ಡಬ್ಲ್ಯೂ.ಆರ್. 1.6 ಇತ್ತು. ಪರವಾಗಿಲ್ಲ ಎಂದು ಬರೆದು ಬಂದಿದ್ದೆ.

ಜುಲೈಯಲ್ಲಿ ಅಲ್ಲಿಯ ಕಾವಲುಗಾರರಿಂದ ದೂರು ಬಂತು. ನನಗಿಂತ ಹದಿನೈದು ವರ್ಷ ದೊಡ್ಡವರು, ಶಾಲೆಗೆ ಹೋದವರಲ್ಲ, ಆದರೆ ಹತ್ತು ವರ್ಷದಿಂದ ದಿನಕ್ಕೆ ನಾಲ್ಕು ಸಲ ಆ ಸೆಟ್ಟಿನಲ್ಲಿ ಮಾತಾಡಿದವರು. ಮಳೆಯಲ್ಲಿ ಹತ್ತಿಕೊಂಡು ಹೋದೆ. ಮೀಟರ್ ಇಟ್ಟೆ. 1.2 ತೋರಿಸಿತು. ಏಪ್ರಿಲ್‌ಗಿಂತ ಚೆನ್ನಾಗಿದೆ!

"ಮಾರಾಯ್ರೆ, ಮೀಟ್ರು ಮೊದಲಿಗಿಂತ ಒಳ್ಳೇದು ತೋರಿಸ್ತಿದೆ. ಏನೂ ತೊಂದರೆ ಇಲ್ಲ" ಎಂದೆ.

"ಮೀಟ್ರು ಸರಿ ಇರಬೌದು ಸಾರ್. ಆದ್ರೆ ಅಲ್ಲಿಯವ್ರಿಗೆ ನಾನು ಕೇಳ್ತಾ ಇಲ್ಲ. ಅವ್ರ ಮಾತೂ ನಂಗೆ ಮೊದ್ಲಿನ ಹಾಗೆ ಬರ್ತಿಲ್ಲ" ಎಂದರು.

"ಮಳೆಗಾಲ ಅಲ್ವಾ, ಹಾಗೇ" ಎಂದೆ. ರಿಜಿಸ್ಟರಿನಲ್ಲಿ "ಎಸ್.ಡಬ್ಲ್ಯೂ.ಆರ್. 1.2, ಸುಸ್ಥಿತಿಯಲ್ಲಿದೆ" ಎಂದು ಬರೆದು ಸಹಿ ಹಾಕಿದೆ. ಅವರು ಕೊಟ್ಟ ಕರಿ ಕಾಫಿ ಕುಡಿದು ಇಳಿದು ಬಂದೆ. ಕಂಬ ಹತ್ತಲಿಲ್ಲ. ಮಳೆ ಇತ್ತು, ಜಾರುತ್ತಿತ್ತು, ಮೀಟರ್ ಸರಿ ಇತ್ತು.

ಐದನೆಯ ದಿನ ರಾತ್ರಿ ಅಲ್ಲಿ ದಿನಗೂಲಿಗೆ ಇದ್ದ ಒಬ್ಬ ಹುಡುಗನಿಗೆ ಕೊಳಕುಮಂಡಲ ಕಚ್ಚಿತು. ಕಾವಲುಗಾರರು ಸೆಟ್ ಹಿಡಿದು ಕರೆದರು. ಕರೆದರು, ಕರೆದರು. ಕಂಟ್ರೋಲ್ ರೂಮಿನವರು ಬೇರೆಯವರ ಜೊತೆ ಮಾತಾಡುವುದು ಗೊಸಗೊಸ ಎಂದು ಇವರಿಗೆ ಕೇಳುತ್ತಿತ್ತು, ಅಲ್ಲಿ ದೊಡ್ಡ ಸೆಟ್ಟು. ಇವರ ಮಾತು ಮಾತ್ರ ಅಲ್ಲಿಗೆ ಮುಟ್ಟಲಿಲ್ಲ. ಮುಟ್ಟಿದ್ದರೆ ರಸ್ತೆಯ ತುದಿಗೆ ಜೀಪ್ ಬಂದು ನಿಂತಿರುತ್ತಿತ್ತು. ಕೊನೆಗೆ ಕಂಬಳಿಯ ಜೋಲಿ ಕಟ್ಟಿ, ಇಬ್ಬರು ಹೊತ್ತುಕೊಂಡು ಕತ್ತಲಲ್ಲಿ ಒಂಬತ್ತು ಕಿಲೋಮೀಟರ್ ಇಳಿದರು. ರಸ್ತೆಗೆ ಬಂದ ಮೇಲೆ ಗಾಡಿಗಾಗಿ ಬೆಳಗಿನವರೆಗೆ ಕಾದರು. ಹುಡುಗ ಬದುಕಿದ. ಆದರೆ ಪಾದದ ಮಾಂಸ ಕೊಳೆತು ಎರಡು ಬೆರಳು ತೆಗೆಯಬೇಕಾಯಿತು.

ಮಾರನೆಯ ದಿನ ನಮ್ಮ ಕಚೇರಿಯಲ್ಲಿ, "ಇನ್ನೂ ದೊಡ್ಡ ಆಂಟೆನಾ ಹಾಕಿಸೋಣ" ಎಂದು ತೀರ್ಮಾನವಾಯಿತು. ನನಗೂ ಅದೇ ಸರಿ ಅನ್ನಿಸಿತು. ಹಳೆಯದನ್ನು ಇಳಿಸಲು ಕಂಬ ಹತ್ತಿ, ಮೇಲಿನ ಕನೆಕ್ಟರ್ ಬಿಚ್ಚಿದೆ. ನೀರು ಸುರಿಯಿತು. ಕೇಬಲ್ಲಿನ ಒಳಗಿನ ತಾಮ್ರದ ಜಾಲರಿ ಹಸಿರುಗಟ್ಟಿ ಕಪ್ಪಾಗಿತ್ತು. ಸುತ್ತಿದ್ದ ಟೇಪ್ ಬಿಸಿಲಿಗೆ ಬಿರಿದು, ಜೂನ್‌ನಿಂದ ಮಳೆ ನೀರು ಒಳಗೆ ಇಳಿದಿತ್ತು. ನಡುವಿನ ಸೂಜಿ ತುಕ್ಕು ಹಿಡಿದು, ಆಂಟೆನಾಕ್ಕೆ ಸಂಪರ್ಕವೇ ಇರಲಿಲ್ಲ ಅನ್ನುವ ಸ್ಥಿತಿ. ತುದಿಯಲ್ಲಿ ಡಮ್ಮಿ ಲೋಡ್ ಇಟ್ಟು ಅಳೆದೆ. ಕೆಳಗೆ 25 ವಾಟ್ ಕೊಟ್ಟರೆ ಮೇಲೆ ಬರುತ್ತಿದ್ದದ್ದು ಸುಮಾರು ಎರಡೂವರೆ ವಾಟ್.

ಹಾಗಾದರೆ ಮೀಟರ್ 1.2 ತೋರಿಸಿದ್ದು ಯಾಕೆ? ಇದನ್ನು ಗಮನವಿಟ್ಟು ಕೇಳಿ, ಇಡೀ ಭಾಷಣದಲ್ಲಿ ನೆನಪಿಡಬೇಕಾದ್ದು ಇದೇ. ಹೋದ ಶಕ್ತಿಯಲ್ಲಿ ಹತ್ತರಲ್ಲಿ ಒಂದು ಭಾಗ ಮೇಲೆ ಮುಟ್ಟಿತು. ಅದು ಪೂರ್ತಿ ತಿರುಗಿ ಬಂತು ಅಂತಲೇ ಇಟ್ಟುಕೊಳ್ಳಿ. ಬರುವ ದಾರಿಯಲ್ಲೂ ಹತ್ತರಲ್ಲಿ ಒಂದೇ ಉಳಿಯಿತು. ಅಂದರೆ ನೂರರಲ್ಲಿ ಒಂದು. ಮೀಟರಿಗೆ ಕಂಡದ್ದು ಇಷ್ಟೇ. ನೂರು ಹೋಯಿತು, ಒಂದು ಬಂತು. ಅದು ಲೆಕ್ಕ ಮಾಡಿ 1.2 ಎಂದಿತು. ಮೀಟರ್ ಸುಳ್ಳು ಹೇಳಲಿಲ್ಲ. "ಎಷ್ಟು ವಾಪಸ್ ಬಂತು?" ಎಂದು ನಾನು ಕೇಳಿದೆ, "ಏನೂ ಬರಲಿಲ್ಲ" ಎಂದು ಅದು ಹೇಳಿತು. ಮುಟ್ಟಬೇಕಾದಲ್ಲಿಗೆ ಮುಟ್ಟಿದ್ದರಿಂದ ಬರಲಿಲ್ಲವೋ, ದಾರಿಯಲ್ಲೇ ಸತ್ತದ್ದರಿಂದ ಬರಲಿಲ್ಲವೋ, ಅದನ್ನು ನಾನು ಕೇಳಲಿಲ್ಲ. ಆ ಪ್ರಶ್ನೆಗೆ ಅದರ ಬಳಿ ಉತ್ತರವೂ ಇರಲಿಲ್ಲ. ಉತ್ತರ ಇದ್ದದ್ದು ಪಕ್ಕದಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಮನುಷ್ಯನ ಬಳಿ. ಅವರು ಹೇಳಿದ್ದರು.

ಬಾವಿ ಹಗ್ಗವನ್ನು ಹುಲ್ಲಿನ ಮೇಲೆ ಉದ್ದಕ್ಕೂ ಹಾಸಿ ಜಾಡಿಸಿದರೆ ಉಬ್ಬು ಎರಡು ಮಾರು ಹೋಗುವಷ್ಟರಲ್ಲಿ ಸಾಯುತ್ತದೆ. ಕೈಗೆ ಏನೂ ವಾಪಸ್ ಬರುವುದಿಲ್ಲ. ಆಚೆ ತುದಿಯಲ್ಲಿ ಮರಳಿದೆಯೋ ಕಿಟಕಿಯ ಸರಳಿದೆಯೋ, ಹಗ್ಗ ತುಂಡಾಗಿಯೇ ಇದೆಯೋ, ಕೈಗೆ ಗೊತ್ತಾಗುವುದಿಲ್ಲ. ಒಂಬತ್ತನೆಯ ತರಗತಿಯಲ್ಲಿ ಕೈಯಾರೆ ಹಿಡಿದು ನೋಡಿದ ಪಾಠವನ್ನು ನಾನು ಆ ದಿನ ನೆನಪಿಸಿಕೊಳ್ಳಲಿಲ್ಲ.

ಕೇಬಲ್ ಹಾಳಾಗದೆ ಹೊಸದಾಗಿದ್ದರೂ ಲೆಕ್ಕ ಹೇಗಿತ್ತು ನೋಡಿ. 25 ವಾಟಿನಲ್ಲಿ 6 ಡೆಸಿಬೆಲ್ ಕಳೆದರೆ ಆಂಟೆನಾಕ್ಕೆ ಮುಟ್ಟುವುದು ಸುಮಾರು 6 ವಾಟ್. ಡೈಪೋಲ್‌ಗಿಂತ 6 ಡೆಸಿಬೆಲ್ ಹೆಚ್ಚಿನ ಯಾಗಿ ಅದನ್ನು ನಾಲ್ಕು ಪಟ್ಟು ಮಾಡಿ ಮತ್ತೆ 25ಕ್ಕೆ ತರುತ್ತದೆ. ಅಂದರೆ ಅಷ್ಟು ಕಷ್ಟಪಟ್ಟು ಕಂಬಕ್ಕೆ ಏರಿಸಿದ ಆಂಟೆನಾದ ಗಳಿಕೆಯೆಲ್ಲ ಕೇಬಲ್ಲಿನ ಸಾಲ ತೀರಿಸುವುದಕ್ಕೇ ಹೋಯಿತು. ಅದೇ ದಪ್ಪ ಕೇಬಲ್ ಹಾಕಿದ್ದರೆ 13 ವಾಟಿಗಿಂತ ಹೆಚ್ಚು ಮೇಲೆ ಮುಟ್ಟಿ, ಯಾಗಿಯ ಮುಂದೆ ಅದು 50 ವಾಟ್ ದಾಟಿದಂತೆ ಆಗುತ್ತಿತ್ತು. ಸೆಟ್ ಅದೇ, ಆಂಟೆನಾ ಅದೇ, ಎರಡು ಪಟ್ಟು ಬಲ. ಇನ್ನು ಎಸ್.ಡಬ್ಲ್ಯೂ.ಆರ್. ಅನ್ನು 2ರಿಂದ 1.2ಕ್ಕೆ ಇಳಿಸಲು ಇಡೀ ದಿನ ಕಡ್ಡಿ ಹಿಂದೆ ಮುಂದೆ ಮಾಡಿದರೆ ಸಿಗುವುದು ಹೆಚ್ಚೆಂದರೆ ಅರ್ಧ ಡೆಸಿಬೆಲ್. ನಾವು ಅರ್ಧ ಡೆಸಿಬೆಲ್ಲಿನ ಹಿಂದೆ ದಿನಗಟ್ಟಲೆ ಓಡುತ್ತಿದ್ದೆವು. ಮೂರು ಡೆಸಿಬೆಲ್ ಕಾಲ ಕೆಳಗೇ ಸೋರಿಹೋಗುತ್ತಿತ್ತು.

ಆ ಠಾಣೆಗೆ ದೊಡ್ಡ ಆಂಟೆನಾ ಹಾಕಲಿಲ್ಲ. ದಪ್ಪ ಕೇಬಲ್ ಹಾಕಿದೆವು. ಕನೆಕ್ಟರಿನ ಮೇಲೆ ಹಿಗ್ಗುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿದೆ, ನೀರು ಹಂಚಿನ ಮೇಲೆ ಜಾರಿದ ಹಾಗೆ ಜಾರಿಹೋಗಲಿ ಎಂದು. ಕೇಬಲ್ ಠಾಣೆಯ ಗೋಡೆ ಹೊಗುವ ಮೊದಲು ಒಂದು ಬಳಸು ಕೆಳಕ್ಕೆ ಇಳಿಬಿಟ್ಟೆ, ನೀರು ಅಲ್ಲೇ ತೊಟ್ಟಿಕ್ಕಲಿ ಎಂದು. ಅಂದಿನಿಂದ ಪ್ರತಿ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ನನ್ನ ಪಾಲಿನ ಎಲ್ಲ ಕಂಬಗಳನ್ನು ಹತ್ತಿ ಇಳಿಯುವುದನ್ನು ನಿಯಮ ಮಾಡಿಕೊಂಡೆ. ಇನ್ನೊಂದು ಪರೀಕ್ಷೆಯನ್ನೂ ರೂಢಿ ಮಾಡಿಕೊಂಡೆ. ಮೇಲಿನ ತುದಿಯಲ್ಲಿ ಆಂಟೆನಾವನ್ನು ಬೇಕೆಂದೇ ಬಿಚ್ಚಿ, ಸೆಟ್ಟನ್ನು ಕಡಿಮೆ ಶಕ್ತಿಯಲ್ಲಿ ಒಂದು ಕ್ಷಣ ಒತ್ತಿ, ಮೀಟರ್ ನೋಡುವುದು. ಕೇಬಲ್ ಚೆನ್ನಾಗಿದ್ದರೆ ಮುಳ್ಳು ಜೋರಾಗಿ ಏರಿ "ಕೆಟ್ಟಿದೆ" ಎಂದು ಕೂಗಬೇಕು. ಆಂಟೆನಾ ಇಲ್ಲದಿದ್ದರೂ "ಎಲ್ಲ ಸರಿ" ಎಂದು ತೋರಿಸಿದರೆ ಕೇಬಲ್ ಸತ್ತಿದೆ ಎಂದು ಅರ್ಥ.

ಆ ಕಾವಲುಗಾರರ ಬಳಿ ಹೋಗಿ ತಪ್ಪಾಯಿತು ಎಂದು ಹೇಳಿದೆ. ಅವರು ಬೈಯಲಿಲ್ಲ. "ಇನ್ಮುಂದೆ ಬಂದಾಗ ಮೊದ್ಲು ನನ್ನ ಕೇಳಿ ಸಾರ್, ಆಮೇಲೆ ಮೀಟ್ರು ಇಡಿ" ಎಂದರು. ನಿವೃತ್ತನಾಗುವ ದಿನದವರೆಗೂ ಹಾಗೇ ಮಾಡಿದೆ. ಎಲ್ಲಿಗೆ ಹೋದರೂ ಚೀಲ ಬಿಚ್ಚುವ ಮೊದಲು, ಸೆಟ್ಟಿನ ಮುಂದೆ ಕೂರುವವರನ್ನು "ಹೇಗಿದೆ, ಯಾವಾಗಿಂದ ಹೀಗೆ?" ಎಂದು ಕೇಳುತ್ತಿದ್ದೆ. ಅರ್ಧ ದೋಷ ಅಲ್ಲೇ ಸಿಕ್ಕಿಬಿಡುತ್ತಿತ್ತು.

ಮಕ್ಕಳೇ, ಗೇನ್ ಕೇಳುವುದು "ಯಾವ ದಿಕ್ಕಿಗೆ ಎಷ್ಟು ಬಲವಾಗಿ?" ಎಂದು. ಎಸ್.ಡಬ್ಲ್ಯೂ.ಆರ್. ಕೇಳುವುದು "ಎಷ್ಟು ತಿರುಗಿ ಬಂತು?" ಎಂದು. ನಷ್ಟ ಕೇಳುವುದು "ದಾರಿಯಲ್ಲಿ ಎಷ್ಟು ಹೋಯಿತು?" ಎಂದು. ಮೂರೂ ಬೇರೆ ಬೇರೆ ಪ್ರಶ್ನೆ. ಒಂದರ ಉತ್ತರ ಚೆನ್ನಾಗಿದೆ ಎಂದು ಉಳಿದೆರಡನ್ನು ಕೇಳದೆ ಇರಬಾರದು. ಮೂರನ್ನೂ ಕೇಳಿದ ಮೇಲೆ, ಮಾತು ಮುಟ್ಟಿತೇ ಎಂದು ಆಚೆ ಕಡೆಯವರನ್ನೇ ಕೇಳಬೇಕು.

ನಮ್ಮ ನಾಡಿಗೂ ಈ ವಿದ್ಯೆಗೂ ಹಳೆಯ ನಂಟು. 1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದರು. ಅವರು ಇಂಜಿನಿಯರ್ ಅಲ್ಲ, ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಆ ಕೇಂದ್ರದ ಆಕಾಶವಾಣಿ ಎಂಬ ಹೆಸರೇ ಆಮೇಲೆ ಇಡೀ ದೇಶದ ರೇಡಿಯೋದ ಹೆಸರಾಯಿತು. ನೀವೂ ಕಲಿಯಬಹುದು. 12 ವರ್ಷ ತುಂಬಿದವರು ಕೇಂದ್ರ ಸಂಪರ್ಕ ಸಚಿವಾಲಯದ ಪರೀಕ್ಷೆ ಬರೆದು ಹವ್ಯಾಸಿ ರೇಡಿಯೋ ಪರವಾನಗಿ ಪಡೆಯಬಹುದು. ಪರವಾನಗಿ ಇಲ್ಲದೆ ಮಾತ್ರ ಸೆಟ್ ಒತ್ತಬೇಡಿ.

ನಿವೃತ್ತಿಯಾದ ಮೇಲೆ ನನ್ನ ಹತ್ತಿರ ಉಳಿದಿದ್ದ ಒಂದು ಎಸ್.ಡಬ್ಲ್ಯೂ.ಆರ್. ಮೀಟರ್, ಒಂದು ಡಮ್ಮಿ ಲೋಡ್, ಒಂದು ಯಾಗಿ, ಎರಡು ಬಗೆಯ ಕೇಬಲ್ಲಿನ ತುಂಡುಗಳನ್ನು ಇವತ್ತು ಶಾಲೆಯ ಪ್ರಯೋಗಾಲಯಕ್ಕೆ ಕೊಡುತ್ತಿದ್ದೇನೆ. ನೀರು ಹೊಕ್ಕು ಕಪ್ಪಾದ ಆ ಕನೆಕ್ಟರನ್ನೂ ಇಷ್ಟು ವರ್ಷ ಇಟ್ಟುಕೊಂಡಿದ್ದೆ, ಅದೂ ಜೊತೆಗಿದೆ. ಉಳಿದದ್ದನ್ನು ಬಳಸಿ, ಅದನ್ನು ನೋಡಿ. ಇದಲ್ಲದೆ ಮೂವತ್ತು ಮಾರು ಒಳ್ಳೆಯ ತೆಂಗಿನ ನಾರಿನ ಹಗ್ಗ ತಂದಿದ್ದೇನೆ. ಈಗ ಶಾಲೆಗೆ ನಲ್ಲಿ ಬಂದಿದೆ, ಬಾವಿಗೆ ಹಗ್ಗ ಬೇಡ. ಅಲೆಯ ಪಾಠಕ್ಕೆ ಬೇಕಾಗುತ್ತದೆ. ವಿಜ್ಞಾನದ ಮೇಡಂ ಅವರು ದಯವಿಟ್ಟು ಪ್ರತಿ ವರ್ಷ ಅದನ್ನು ಒಬ್ಬ ಹುಡುಗನ ಕೈಗೋ ಹುಡುಗಿಯ ಕೈಗೋ ಕೊಟ್ಟು, "ಒಂದು ಸಲ ಜಾಡಿಸು" ಎಂದು ಹೇಳಬೇಕು.

 ಹಿಂದಿನ ಸಾಲಿನವರಿಗೆ ಕೇಳಿಸಿತೇ? ಕೇಳಿಸಿದ್ದರೆ ಕೈ ಎತ್ತಿ.

ಜೈ ಹಿಂದ್, ಜೈ ಕರ್ನಾಟಕ.